ಕಪ್ಪೆ ಲಗ್ನದ ಆಹೇರ

ಮೊನ್ನೆ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಲು ಹೋದವಳು ಭರಣಿ ಬಿಟ್ಟು ಒಂದು ತಗಡಿನ ಡಬ್ಬಿಯನ್ನು ಕಾಲ ಮೇಲೆ ಕೆಡವಿಕೊಂಡೆ. ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಬೈಯಬೇಕೆಂದು ಬಾಯಿ ತೆರೆದರೆ ಡಬ್ಬಿಯ ಮೇಲಿನ ಕಪ್ಪೆ ನನ್ನನ್ನು ನೋಡಿ ನಗುತ್ತಿತ್ತು. ಎರಡೂ ಕಣ್ಣಿಗೆ ಉದ್ದುದ್ದ ರೆಪ್ಪೆ, ಕೆಂಪು ತುಟಿ, ತುಟಿಯ ನಡುವೆ ಸಾಲು ಹಲ್ಲು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳ ಮಾನ ಕಳೆಯಲೆಂದೇ ಬರೆದಂತಿರುವ ಆ ಕಪ್ಪೆಯನ್ನು ನಾನೇ ದುಡ್ಡು ಕೊಟ್ಟು ಬರೆಸಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು ಇದು.

ಬರೆದವನು ಪೇಂಟರ್ ಮೌಲಾಲಿ. ಸವದತ್ತಿಯ ಬಸ್ ಸ್ಟ್ಯಾಂಡಿನ ಹಿಂದೆ ಅವನ ಶೆಡ್ಡು. ಲಾರಿಗಳ ಬೆನ್ನ ಮೇಲೆ ಹುಲಿ, ಹದ್ದು, ಗುಲಾಬಿ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಕಪ್ಪೆಯನ್ನು ಮಾತ್ರ ಅವನು ಅದುವರೆಗೆ ಬರೆದಿರಲಿಲ್ಲ. ಯಾವ ಲಾರಿ ಮಾಲೀಕ ತಾನೇ ಕೇಳಿಯಾನು?

“ಗಂಡ ಕಪ್ಪಿ ಬರೀಲೋ, ಹೆಣ್ಣ ಕಪ್ಪಿ ಬರೀಲೋ ಅಕ್ಕಾರ?” ಎಂದು ಕೇಳಿದ. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕಾರು.

“ಯಾವುದಾದ್ರೂ ನಡೀತೈತಿ. ಕಪ್ಪಿ ಕಪ್ಪಿಯಂಗ ಕಂಡ್ರ ಸಾಕು.”

“ಹಂಗ ನಡಿಯೂದಿಲ್ರಿ. ಮಂದಿ ರೊಕ್ಕ ಹಾಕಬೇಕಂದ್ರ ಮಾರಿ ಚಂದ ಇರಬೇಕು” ಎಂದವನೇ ರೆಪ್ಪೆ ತಿದ್ದಲು ಕೂತ. ಡಬ್ಬಿ ಮೊದಲು ವನಸ್ಪತಿ ತುಪ್ಪದ್ದು. ಮುಚ್ಚಳಕ್ಕೆ ಸೀಳು ಹಾಕಿ, ಸುತ್ತಲೂ ‘ಕಪ್ಪೆ, ಹಾವು, ಹಲ್ಲಿಗಳ ಸಂರಕ್ಷಣೆಗಾಗಿ ವಿದೇಶ ಪ್ರವಾಸ ನಿಧಿ’ ಎಂದು ಬರೆಸಿದ್ದೆ. ಡಬ್ಬಿ ದುಂಡಗಿದ್ದುದರಿಂದ ಪೂರ್ತಿ ಓದಬೇಕೆಂದರೆ ದಾನಿಗಳು ಅದಕ್ಕೊಂದು ಪ್ರದಕ್ಷಿಣೆ ಹಾಕಬೇಕಾಗಿತ್ತು. ಯಾರೂ ಹಾಕಲಿಲ್ಲ.

ಕಪ್ಪೆಗೂ ನನಗೂ ನಂಟು ಹಳೆಯದು. ನಾನು ಹುಟ್ಟಿ ಬೆಳೆದದ್ದು ಮನೋಳಿಯಲ್ಲಿ. ಮಲಪ್ರಭಾ ಹೊಳೆ ಮಳೆಗಾಲದಲ್ಲಿ ಹೊಲದ ಬದುವಿನ ತನಕ ಬರುತ್ತಿತ್ತು, ಹಿಂದೆ ಸರಿಯುವಾಗ ಅಲ್ಲಲ್ಲಿ ಗುಂಡಿಗಳನ್ನು ಬಿಟ್ಟುಹೋಗುತ್ತಿತ್ತು. ಆ ಗುಂಡಿಗಳಲ್ಲಿ ಬಾಲದ ಮರಿಗಳು. ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವನ್ನು ತಂಬಿಗೆಗಟ್ಟಲೆ ಹಿಡಿದು ತಂದು, ದೊಡ್ಡ ಪಾತ್ರೆಯಲ್ಲಿ ಬೇಗ ದೊಡ್ಡವಾಗುತ್ತವೆಂಬ ತರ್ಕದಿಂದ ಬಚ್ಚಲುಮನೆಯ ತಾಮ್ರದ ಹಂಡೆಗೆ ಬಿಟ್ಟಿದ್ದೆ. ಮರುದಿನ ಒಲೆ ಹಚ್ಚುವ ಮೊದಲೇ ಅಪ್ಪ ತಣ್ಣೀರು ಮೈಮೇಲೆ ಸುರಿದುಕೊಂಡರು. ಜನಿವಾರದ ಕಾಟವಿಲ್ಲದ ಮನೆ ನಮ್ಮದು, ಕೊರಳಲ್ಲಿ ಲಿಂಗದ ವಸ್ತ್ರ. ಆ ವಸ್ತ್ರದ ಗಂಟಿನಲ್ಲಿ ಒಂದು ಮರಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಅಪ್ಪ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ಬಡಿಗೆ ಹಿಡಿದು ಓಡಿ ಬಂದರು.

ಅಂದು ನನ್ನನ್ನು ಹೊಡೆತದಿಂದ ಉಳಿಸಿದವಳು ನೀಲವ್ವತ್ತಿ, ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು ಮೊದಲು ಮನೆಯನ್ನೂ ಆಮೇಲೆ ಓಣಿಯನ್ನೂ ಕೈಗೆ ತೆಗೆದುಕೊಂಡಿದ್ದಳು. “ಜೀವಂತ ಲಿಂಗ ಬಂದೈತಿ ಕೊರಳಾಗ, ಪುಣ್ಯವಂತ ಅದಿ ಬಿಡು” ಎಂದು ಅಪ್ಪನ ಬಾಯಿ ಮುಚ್ಚಿಸಿದಳು.

ಇಷ್ಟು ಪ್ರೀತಿ ಇದ್ದವಳು ಮುಂದೆ ಮಾಡಿದ್ದೇನು? ಕಪ್ಪೆ ಕೊಯ್ದೆ. ಪಿಯುಸಿಯಲ್ಲಿ ಕೊಯ್ದೆ, ಬಿ.ಎಸ್ಸಿ.ಯಲ್ಲಿ ಕೊಯ್ದೆ, ಕೊನೆಗೆ ಸವದತ್ತಿಯ ಒಂದು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕಿಯಾಗಿ ಮಕ್ಕಳ ಕೈಯಲ್ಲಿ ಕೊಯ್ಯಿಸಿದೆ. ಸಿಲೆಬಸ್ಸಿನಲ್ಲಿತ್ತು, ನನ್ನ ಹಣೆಬರಹದಲ್ಲೂ ಇತ್ತು. ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ಕೈಕಾಲಿಗೆ ಗುಂಡುಪಿನ್ನು ಚುಚ್ಚಿ, “ಹೃದಯ ಇನ್ನೂ ಬಡೀತಿದೆ ನೋಡಿ” ಎಂದು ನಾನೇ ಬೆರಳು ಮಾಡಿ ತೋರಿಸುತ್ತಿದ್ದೆ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅದಕ್ಕ ನಾವು ಕಾಣಿಸ್ತೇವೇನ್ರಿ ಅಕ್ಕಾರ?” ಎಂದು ಕೇಳಿದಳು. ಅಂದಿನಿಂದ ಪ್ರಾಕ್ಟಿಕಲ್ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಆ ಕಪ್ಪೆಗಳನ್ನು ಗೋಣಿಚೀಲದಲ್ಲಿ ತುಂಬಿ ತರುತ್ತಿದ್ದವನು ಮನೋಳಿಯ ರಾಮಪ್ಪ. ಮೀನು ಹಿಡಿಯುವುದು ಅವನ ಕಸುಬು, ಕಪ್ಪೆ ಮೇಲುಸಂಪಾದನೆ. ಅಂದರೆ ನಾನು ಹಂಡೆಗೆ ಬಿಟ್ಟ ಮರಿಗಳ ಮಕ್ಕಳು ಮರಿಮಕ್ಕಳೇ ನನ್ನ ತಟ್ಟೆಗೆ ಬರುತ್ತಿದ್ದವು. ವರ್ಷ ಹೋದಂತೆ ಚೀಲ ಸಣ್ಣದಾಯಿತು. “ಮೊದಲಿನಂಗ ಸಿಗಾಕ ಹತ್ತಿಲ್ರಿ” ಎಂದು ರಾಮಪ್ಪ ತಲೆ ತುರಿಸಿಕೊಳ್ಳುತ್ತಿದ್ದ. ಸಿಗುವುದೆಲ್ಲಿಂದ? ಇಬ್ಬರೂ ಸೇರಿ ಮುಗಿಸುತ್ತಿದ್ದೆವಲ್ಲ.

ಹಾಗಿರುವಾಗ ಒಂದು ಪತ್ರಿಕೆಯ ಮೂಲೆಯಲ್ಲಿ ಮಡಗಾಸ್ಕರದ ಕಾಡಿನಲ್ಲಿ ಆರು ವಾರ ಕಪ್ಪೆ, ಹಾವು, ಹಲ್ಲಿಗಳನ್ನು ಎಣಿಸಿ ಕಾಯುವ ಕೆಲಸಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆಂದು ಓದಿದೆ. ಕೊಯ್ಯದೆ, ಕೊಲ್ಲದೆ, ಹಿಡಿದು ಅಳೆದು ಬಿಡುವ ವಿದ್ಯೆ. ಅದನ್ನು ಕಲಿತು ಬಂದರೆ ನನ್ನ ಲೆಕ್ಕದ ಪಾಪ ಸ್ವಲ್ಪವಾದರೂ ಇಳಿದೀತು ಎಂಬ ಆಸೆ ಹುಟ್ಟಿತು. ಅರ್ಜಿ ಹಾಕಿದೆ. ಸ್ವೀಕಾರವಾಗಿದೆ ಎಂದು ಕಾಗದ ಬಂತು. ಕೊನೆಯ ಸಾಲು: ಊಟ ವಸತಿ ನಮ್ಮದು, ವಿಮಾನದ ಖರ್ಚು ನಿಮ್ಮದು. ಎರಡು ತಿಂಗಳೊಳಗೆ ಟಿಕೆಟ್ ತೆಗೆಸದಿದ್ದರೆ ಜಾಗ ಬೇರೆಯವರಿಗೆ. ಆ ಟಿಕೆಟ್ಟಿಗೆ ನನ್ನ ಹಂಗಾಮಿ ಪಗಾರವನ್ನು ಉಣ್ಣದೆ ಉಡದೆ ಒಂದು ವರ್ಷ ಕೂಡಿಡಬೇಕಾಗಿತ್ತು.

ಮನೆಯಲ್ಲಿ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. “ನಮ್ಮ ಹೊಲದಾಗ ಕಪ್ಪಿ ಇಲ್ಲೇನು?”

“ಅದಾವ. ಆದ್ರ ಅಲ್ಲಿ ಹೋದ್ರ ಉಳಸೂ ರೀತಿ ಕಲಸ್ತಾರ.”

“ಅದೆಲ್ಲಿ ಐತಿ?” ನೀಲವ್ವತ್ತಿ ಕೇಳಿದಳು.

“ಆಫ್ರಿಕಾದ ಬಾಜೂಕ, ಸಮುದ್ರದಾಗ.”

“ಅಲ್ಲಿ ಮಂದಿಗೆ ಎಣಸಾಕ ಬರೂದಿಲ್ಲೇನು? ಇಲ್ಲಿಂದ ನೀನ ಹೋಗಬೇಕೇನು, ಸವದತ್ತಿ ತಾಲೂಕಿನಿಂದ?”

ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ, ಇದ್ದರೂ ಕಪ್ಪೆಗೆ ಬಿಚ್ಚುವ ಪೈಕಿ ಅವರಲ್ಲ. ಹೀಗಾಗಿ ಡಬ್ಬಿ ಹಿಡಿದು ದೇಶ ಸುತ್ತಲು ಹೊರಟೆ.

ಮೊದಲ ಭೇಟಿ ಬೈಲಹೊಂಗಲದ ಒಬ್ಬ ಅರಳೆ ಸಾವಕಾರರಿಗೆ. ದಾನದಲ್ಲಿ ಎತ್ತಿದ ಕೈ ಎಂದು ಕೇಳಿದ್ದೆ. ಸುಳ್ಳಲ್ಲ. ಅವರ ಹೆಸರು ಮಠದ ಫ್ಯಾನಿನ ಮೂರೂ ರೆಕ್ಕೆಯ ಮೇಲಿತ್ತು, ಶಾಲೆಯ ಟ್ಯೂಬ್‌ಲೈಟಿನ ಮೇಲಿತ್ತು, ಊರೂಟದ ಕೊಳಗ ಸೌಟುಗಳ ಮೇಲೂ ಇತ್ತು. ನನ್ನ ಮಾತನ್ನೆಲ್ಲ ಲೋಡಿಗೆ ಒರಗಿ ಗಂಭೀರವಾಗಿ ಕೇಳಿದರು.

“ಭಾಳ ಚಲೋ ಕೆಲಸರಿ. ನನ್ನ ಹೆಸರು ಎಲ್ಲಿ ಬರಸ್ತೀರಿ?”

ನಾನು ಇದಕ್ಕೆ ತಯಾರಾಗಿರಲಿಲ್ಲ. “ವರದಿಯೊಳಗ ಬರಸ್ತೇನ್ರಿ.”

“ವರದಿ ಯಾರ ಓದತಾರ? ಕಾಣೂ ಜಾಗಾದಾಗ ಇರಬೇಕು.” ಒಂದು ಕ್ಷಣ ಯೋಚಿಸಿ, ಬಹಳ ಮರ್ಯಾದೆಯಿಂದ ಕೇಳಿದರು, “ಕಪ್ಪಿ ಬೆನ್ನ ಮ್ಯಾಲ ಬಣ್ಣ ನಿಲ್ಲತೈತೇನ್ರಿ?”

ಇಲ್ಲವೆಂದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಬಣ್ಣ ಬಳಿದರೆ ಸಾಯುತ್ತದೆ ಎಂದು ಒಂದು ಸಣ್ಣ ಪಾಠವನ್ನೇ ಮಾಡಿದೆ. ಸಾವಕಾರರು ಮರುಗಿದರು, ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದರು. ಗೋಡೆ ಗಡಿಯಾರ. ನಡುವೆ ದೊಡ್ಡಕ್ಷರದಲ್ಲಿ ಅವರ ಹೆಸರು, ಕೆಳಗೆ ‘ಅರಳೆ ವ್ಯಾಪಾರಸ್ಥರು, ಬೈಲಹೊಂಗಲ’. ಯಾವುದೋ ಉದ್ಘಾಟನೆಗೆ ಮಾಡಿಸಿದ್ದರಲ್ಲಿ ಉಳಿದದ್ದಂತೆ. “ಇದನ್ನ ಆ ದೇಶದಾಗ ಒಂದು ಗ್ವಾಡಿಗೆ ಹಾಕ್ರಿ. ಕಪ್ಪಿಗೂ ಟೈಮ್ ತಿಳೀಲಿ” ಎಂದು ಚಹಾ ಕುಡಿಸಿ ಕಳಿಸಿದರು. ಟಿಕೆಟ್ಟಿಗೆ ಕಾಸಿಲ್ಲ, ಕೈಯಲ್ಲಿ ಸಾಮಾನು ಮಾತ್ರ ಹೆಚ್ಚಾಯಿತು.

ಎರಡನೆಯ ಪ್ರಯತ್ನ ಕಿತ್ತೂರಿನ ಒಂದು ಮಹಿಳಾ ಮಂಡಳದಲ್ಲಿ ಉಪನ್ಯಾಸ. ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು, ನಗಬಾರದು. ನನಗೆ ಹಾವೆಂದರೆ ಭಯವಿಲ್ಲ, ಕಪ್ಪೆಯೆಂದರೆ ಪ್ರಾಣ, ಹಲ್ಲಿಯೆಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ತಪ್ಪು ತೊರಗಲ್ ಕೋಟೆಯದು. ಆರನೇ ಇಯತ್ತೆಯಲ್ಲಿ ಶಾಲೆಯ ಪ್ರವಾಸಕ್ಕೆಂದು ಅಲ್ಲಿಗೆ ಹೋದಾಗ ಕೋಟೆಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಮೇಲಿನ ಸಂದಿಯಿಂದ ಒಂದು ಹಲ್ಲಿ ನೇರವಾಗಿ ನನ್ನ ಮೊಸರು ಬುತ್ತಿಗೆ ಬಿತ್ತು, ಎದ್ದು ಮೊಸರಿನ ಕಾಲಲ್ಲೇ ನನ್ನ ತೋಳೇರಿತು. ಆ ತಣ್ಣನೆಯ ಕಾಲುಗಳನ್ನು ಯಾವ ವಿಜ್ಞಾನವೂ ನನ್ನ ತೋಳಿನಿಂದ ಈವರೆಗೆ ಒರೆಸಿಲ್ಲ.

ಕಿತ್ತೂರಿನಲ್ಲಿ ನಾನು, “ಹಲ್ಲಿ ನಿರುಪದ್ರವಿ ಪ್ರಾಣಿ, ಅದಕ್ಕೆ ಹೆದರುವುದು ಅಜ್ಞಾನ” ಎಂದು ಹೇಳುತ್ತಿದ್ದೆ. ಆ ಗಳಿಗೆಗೇ ಕಾದಂತೆ ಮಾಡಿನಿಂದ ಒಂದು ಹಲ್ಲಿ ನನ್ನ ಭುಜದ ಮೇಲೆ ಬಿತ್ತು. ಮುಂದಿನದು ನನಗೆ ನೆನಪಿಲ್ಲ. ನೋಡಿದವರು ಹೇಳಿದ್ದೇನೆಂದರೆ, ಅಧ್ಯಕ್ಷಿಣಿಯವರನ್ನು ದಾಟಿ, ಹೂವಿನ ಹಾರವಿದ್ದ ಮೇಜಿನ ಮೇಲೆ ನಿಂತು ‘ಅವ್ವಾ’ ಎಂದು ಚೀರುತ್ತಿದ್ದೆನಂತೆ. ಸಭೆ ಅಲ್ಲಿಗೆ ಮುಗಿದರೂ ಯಾರೂ ಎದ್ದು ಹೋಗಲಿಲ್ಲ. ಹಲ್ಲಿ ಭುಜದ ಮೇಲೆ ಬಿದ್ದರೆ ಫಲವೇನು ಎಂದು ಎರಡು ಕ್ಯಾಲೆಂಡರು ತಂದು ಹಿಂದಿನ ಪುಟ ನೋಡಿದರು. ಒಂದರಲ್ಲಿ ಲಾಭವೆಂದಿತ್ತು, ಇನ್ನೊಂದರಲ್ಲಿ ನಷ್ಟ. ಇಬ್ಬರು ಹೆಣ್ಣುಮಕ್ಕಳ ನಡುವೆ ಅದರ ಮೇಲೆ ಮಾತು ಬೆಳೆದು, ಡಬ್ಬಿಯ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ. ನಷ್ಟದ ಕ್ಯಾಲೆಂಡರೇ ಖರೆ ಹೇಳಿತ್ತು.

ದಿನಗಳು ಕಳೆದು ಹೋಗುತ್ತಿದ್ದವು. ಟಿಕೆಟ್ಟಿಗೆ ಇನ್ನು ಹದಿನೈದು ದಿನ ಉಳಿದಿರುವಾಗ ಮನೋಳಿಗೆ ಹೋಗಿ ಅತ್ತಿಯ ಮುಂದೆ ಅತ್ತೆ. ನಾಚಿಕೆ ಬಿಟ್ಟು ಅತ್ತೆ. “ಹೋಗೂದು ಆಗೂದಿಲ್ಲ ಬಿಡತ್ತಿ. ಮತ್ತ ಅದ ತಟ್ಟಿ, ಅದ ಕತ್ತರಿ” ಎಂದೆ. ಅತ್ತಿ ಹೊತ್ತು ನೋಡಿ ಸೆರಗು ಸಿಕ್ಕಿಸಿದಳು. “ನಡಿ. ಪರ ಊರಾಗ ಡಬ್ಬಿ ಅಲಗಾಡಿಸಿದಿ, ಸ್ವಂತ ಊರಾಗ ಕೇಳೀ ಏನು?”

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಆ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆ ತಡವಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಕೈಯಲ್ಲಿ ಕರಪತ್ರ, ಇನ್ನೊಂದು ಕೈಯಲ್ಲಿ ಚಪ್ಪಲಿ, ಏಕೆಂದರೆ ಅದರ ಉಂಗುಷ್ಟದ ಪಟ್ಟಿ ಕಿತ್ತಿತ್ತು. ಡಬ್ಬಿ ಹಿಡಿಯಲು ಮೂರನೆಯ ಕೈ ಇಲ್ಲದ್ದಕ್ಕೆ, ಸೆರಗು ಸಿಂಬೆ ಮಾಡಿ ಅದನ್ನು ತಲೆಯ ಮೇಲಿಟ್ಟುಕೊಂಡೆ. ನಮ್ಮ ಕಡೆ ಮಳೆ ತಪ್ಪಿದರೆ ಗುರ್ಜಿ ಹೊರುವ ಪದ್ಧತಿಯಿದೆ. ಒಬ್ಬರು ತಲೆಯ ಮೇಲೆ ರೊಟ್ಟಿ ಹಂಚು ಬೋರಲಿಟ್ಟು, ಅದರ ಮೇಲೆ ಸಗಣಿಯಲ್ಲಿ ಮಾಡಿದ ಗುರ್ಜಿಯ ಗೊಂಬೆ ಕೂರಿಸಿ ಮನೆ ಮನೆಗೆ ಹೋಗುತ್ತಾರೆ. ಮನೆಯಾಕೆ ಕೊಡ ನೀರು ತಲೆಗೆ ಸುರಿದು ಜೋಳ ನೀಡುತ್ತಾಳೆ. ಇದನ್ನೆಲ್ಲ ಬಲ್ಲ ನಾನು, ಮಿರಗ ಒಣಗಿದ ಊರಿನಲ್ಲಿ, ಬರಿಗಾಲಲ್ಲಿ, ತಲೆಯ ಮೇಲೆ ಕಪ್ಪೆ ಹೊತ್ತು ಮೊದಲ ಮನೆಯ ಮುಂದೆ ನಿಂತೆ.

ಬಸವ್ವಕ್ಕ ಹೊರಗೆ ಬಂದಳು. ತಲೆ ನೋಡಿದಳು, ಕಾಲು ನೋಡಿದಳು, ಒಳಗೆ ಹೋದಳು. ದುಡ್ಡು ತರಲು ಹೋಗಿದ್ದಾಳೆಂದು ನಾನು ಕರಪತ್ರ ತೆಗೆದು ನಿಂತರೆ, ಕೊಡ ತಂದು ಇಡಿಯಾಗಿ ನನ್ನ ಮೇಲೆ ಸುರಿದಳು.

“ಇದು ಮಳಿ ಸಲುವಾಗಿ ಅಲ್ರೀ! ವಿಜ್ಞಾನದ್ದು!” ಎಂದು ಬಾಯಲ್ಲಿ ಹೋದ ನೀರನ್ನು ಉಗುಳುತ್ತ ಹೇಳಿದೆ.

“ಹೂಂ ತಂಗಿ, ಅದ ಅದ. ತಿರಗು, ಒಂದ್ ಸುತ್ತ ತಿರಗು” ಎಂದು ಒಂದು ಸೇರು ಜೋಳ ತಂದು ಅತ್ತಿಯ ಉಡಿಗೆ ಹಾಕಿದಳು.

ಎರಡನೆಯ ಮನೆಯಲ್ಲಿಯೂ ಅದೇ, ಮೂರನೆಯ ಮನೆಯಲ್ಲಿಯೂ ಅದೇ. ನಾಲ್ಕನೆಯ ಮನೆಯಿಂದ ಓಣಿಯ ಹೆಂಗಸರು ಹಾಡು ಹೇಳುತ್ತ ಹಿಂದೆ ಬಿದ್ದರು. ಅತ್ತಿ ತಡೆಯಲಿಲ್ಲ, “ಕೊಡೂ ಕೈ ತಡೀಬಾರದು” ಎಂದು ಚೀಲದ ಬಾಯಿ ಹಿಡಿದು ನಿಂತಳು. ಮೂಢನಂಬಿಕೆಯ ವಿರುದ್ಧ ಶಾಲೆ ಶಾಲೆಗೆ ಹೋಗಿ ಭಾಷಣ ಬಿಗಿದಿದ್ದ ನಾನು ಮಧ್ಯಾಹ್ನದ ಹೊತ್ತಿಗೆ ಹನುಮಪ್ಪನ ಗುಡಿಯ ಮುಂದೆ ಗಿರಗಿರನೆ ತಿರುಗುತ್ತಿದ್ದೆ. ಮೌಲಾಲಿಯ ಬಣ್ಣ ಮಾತ್ರ ಗಟ್ಟಿ, ಅಷ್ಟು ನೀರಿಗೂ ಕಪ್ಪೆಯ ಒಂದು ರೆಪ್ಪೆ ಅಳಿಯಲಿಲ್ಲ.

ಎರಡು ಚೀಲ ಜೋಳ ಕೂಡಿತ್ತು. ಮರುದಿನ ಬೆಳಿಗ್ಗೆ ಅತ್ತಿ ಏಳುವ ಮೊದಲೇ ಅವನ್ನು ಟೆಂಪೊಗೆ ಹಾಕಿಕೊಂಡು ಸವದತ್ತಿಗೆ ಹೋಗಿ ಮಾರಿದೆ. ಜಾಣತನ ಮಾಡಿದೆನೆಂದುಕೊಂಡೆ. ಸಂಜೆ ಕಾಲೇಜಿಗೆ ಫೋನು ಬಂತು. ಅತ್ತಿಯ ದನಿಗೆ ಫೋನು ಬೇಕಾಗಿರಲಿಲ್ಲ, ಸುಮ್ಮನೆ ಕೂಗಿದ್ದರೂ ಕೇಳುತ್ತಿತ್ತು.

“ಜೋಳ ಎಲ್ಲೆ?”

“ಮಾರಿದ್ನಲ್ಲತ್ತಿ.”

“ಗುರ್ಜಿ ಜೋಳ ಮಾರಿದಿ? ಅದನ್ನ ಬೇಯಿಸಿ ಊರಿಗೆಲ್ಲ ಉಣಸಬೇಕು, ಅಂದ್ರ ಮಳಿ. ಊರ ಮಂದಿ ಎಂದ ಊಟ ಅಂತ ಕೇಳಾಕ ಹತ್ಯಾರ. ಮಳಿ ಬರಲಿಲ್ಲಂದ್ರ ನೀಲವ್ವನ ಸೊಸಿ ಮಳಿ ತಿಂದ್ಲು ಅಂತಾರ. ನಾ ಈ ಊರಾಗ ಬಾಳೇ ಮಾಡಬೇಕು!”

ಸೋದರತ್ತೆಗೆ ಅಣ್ಣತಮ್ಮಂದಿರ ಮಗಳೂ ಸೊಸೆಯೇ ತಾನೆ. ಅದೇ ಜೋಳವನ್ನು ಅದೇ ಅಂಗಡಿಯಿಂದ, ಮಾರಿದ್ದಕ್ಕಿಂತ ಹೆಚ್ಚು ಕೊಟ್ಟು ತಿರುಗಿ ತಂದೆ. ಕೈಯಲ್ಲಿದ್ದ ಚೂರುಪಾರು ನಿಧಿಯೂ ಅದಕ್ಕೇ ಹೋಯಿತು. ಟಿಕೆಟ್ಟಿನ ಆಸೆ ಅಲ್ಲಿಗೆ ಮುಗಿಯಿತು ಎಂದು ಮನೋಳಿಯ ಕಟ್ಟೆಯ ಮೇಲೆ ಚೀಲಗಳ ಪಕ್ಕ ಕೂತೆ. ಆಗ ಅತ್ತಿ ಬಂದು, ಎಲೆ ಮಡಿಸುತ್ತ ನಿಧಾನವಾಗಿ ಕೇಳಿದಳು.

“ಊಟಂತೂ ಹಾಕಬೇಕು. ಬರೇ ಊಟ ಹಾಕಿದ್ರ ಉಂಡು ಕೈ ತೊಳಕೊಂಡು ಹೋಗತಾರ. ಅದ ಊಟ ಲಗ್ನದ್ದಾದ್ರ?”

“ಯಾರ ಲಗ್ನ?” ನನಗೆ ಗಾಬರಿಯಾಯಿತು. ಮನೆಯಲ್ಲಿ ಲಗ್ನವಾಗದೆ ಉಳಿದವಳು ನಾನೊಬ್ಬಳೇ.

“ನಿಂದಲ್ಲ ಹುಚ್ಚಿ. ಕಪ್ಪೀದು. ಮಳಿಗೆ ಕಪ್ಪಿ ಲಗ್ನ ಮಾಡೂದು ಹೊಸಾದೇನು? ಲಗ್ನಕ್ಕ ಬಂದವರು ಆಹೇರ ಮಾಡದ ಹೋಗೂದುಂಟೇನು?”

ಆಹೇರ ಎಂದರೆ ನಮ್ಮ ಲಗ್ನಗಳಲ್ಲಿ ಉಡುಗೊರೆಯಾಗಿ ಕೊಡುವ ದುಡ್ಡು. ಕಪ್ಪೆಯ ಜೀವಕ್ಕೆ ಐದು ಪೈಸೆ ಬಿಚ್ಚದ ಜನ ಲಗ್ನದಲ್ಲಿ ಆಹೇರ ಮಾಡದೆ ಊಟಕ್ಕೆ ಕೂರುವುದಿಲ್ಲ. ಮಾನದ ಪ್ರಶ್ನೆ. ನಾನು ಒಂದೂವರೆ ತಿಂಗಳು ಕರಪತ್ರ ಹಂಚಿದರೂ ಹೊಳೆಯದ್ದು, ಸಹಿ ಮಾಡಲು ಬಾರದ ಅತ್ತಿಗೆ ಎಲೆ ಮಡಿಸುವುದರೊಳಗೆ ಹೊಳೆದಿತ್ತು.

ಕೆಸರು ಬಗೆದು ವಧುವರರನ್ನು ತರುವ ಕೆಲಸ ರಾಮಪ್ಪನಿಗೆ. ಹೊಳೆದಂಡೆಯ ಓಣಿ ಗಂಡಿನ ಕಡೆ, ಪೇಟೆ ಓಣಿ ಹೆಣ್ಣಿನ ಕಡೆ ಎಂದು ಅತ್ತಿ ಊರನ್ನು ಎರಡು ಪಾಲು ಮಾಡಿದಳು. ಬೆಂಡಿನಲ್ಲಿ ಹೆಬ್ಬೆರಳಿನಷ್ಟು ಬಾಸಿಂಗ ತಾನೇ ಕೊರೆದಳು. ಮೌಲಾಲಿ ಸವದತ್ತಿಯಿಂದ ಬಂದು ಪುಕ್ಕಟೆ ಬೋರ್ಡು ಬರೆದ, ಇಬ್ಬರಿಗೂ ರೆಪ್ಪೆ ಇಟ್ಟು.

ಲಗ್ನದ ದಿನ ಬೆಳಿಗ್ಗೆ ರಾಮಪ್ಪ ಒದ್ದೆ ಗೋಣಿಚೀಲ ಬಿಚ್ಚಿದ. ಎರಡು ಒಳ್ಳೆಯ ಗೋಲಿಕಣ್ಣಿನ ದೊಡ್ಡ ಕಪ್ಪೆಗಳು. ಅಭ್ಯಾಸಬಲದಿಂದ ಒಂದನ್ನು ತಿರುಗಿಸಿ ನೋಡಿದೆ: ಗಂಟಲ ಎರಡೂ ಬದಿಗೆ ಕಪ್ಪು ಮಡಿಕೆ, ವಟಗುಟ್ಟುವ ಗಂಡು. ಇನ್ನೊಂದನ್ನು ನೋಡಿದೆ. ಅದಕ್ಕೂ ಮಡಿಕೆ. ಎರಡೂ ಗಂಡು. ತಲೆಯೆತ್ತಿದರೆ ರಾಮಪ್ಪ ಆಕಾಶ ನೋಡುತ್ತ ಬೀಡಿ ಹುಡುಕುತ್ತಿದ್ದ. ಹೊರಗೆ ಊರಿಗೆ ಊರೇ ಕೂತಿತ್ತು, ಒಲೆಯ ಮೇಲೆ ಗುರ್ಜಿ ಜೋಳದ ಹುಗ್ಗಿ ಕುದಿಯುತ್ತಿತ್ತು. ವಿಜ್ಞಾನಿಯಾದವಳು ಸತ್ಯ ಹೇಳಬೇಕೆಂದು ಗೊತ್ತು. ಆಗಲಿ, ಇನ್ನೊಂದು ಸಲ ಹೇಳಿದರಾಯಿತು ಎಂದು ಪೇಟೆ ಓಣಿಯ ಕಪ್ಪೆಗೆ ಹಸಿರು ಖಣ ಸುತ್ತಿ ಮಂಟಪಕ್ಕೆ ಕಳಿಸಿದೆ.

ಅಕ್ಷತೆ ಬಿತ್ತು. ಮೈಕಿನಲ್ಲಿ ಆಹೇರ ಓದುವುದು ಶುರುವಾಯಿತು. “ಪ್ಯಾಟಿ ಓಣಿ ಬಸವ್ವಾರಿಂದ ವಧುವಿಗೆ ಐವತ್ತೊಂದು!” ಎಂದು ಕೂಗಿದ್ದೇ ತಡ, ಹೊಳೆದಂಡೆಯವರು ಮೀಸೆ ತಿರುವಿಕೊಂಡು ಎದ್ದರು. “ವರನಿಗೆ ನೂರಾ ಒಂದು!” ಹೆಣ್ಣಿನ ಕಡೆಯವರು ಬಿಟ್ಟಾರೆಯೇ? ನನಗೆ ಮನಸ್ಸು ತಡೆಯದೆ ಮೈಕು ಕಸಿದುಕೊಂಡು, “ನೋಡ್ರಿ, ಈ ರೊಕ್ಕ ಮಳಿಗೆ ಅಲ್ಲ, ನನ್ನ ವಿಮಾನದ ಟಿಕೀಟಿಗೆ” ಎಂದು ಹೇಳಿಯೇಬಿಟ್ಟೆ. ಪಂಚಾಯ್ತಿಯ ಹಿರಿಯರೊಬ್ಬರು ಕೂತಲ್ಲಿಂದಲೇ ಅಂದರು, “ಗೊತ್ತೈತಿ, ಕುಂದರ್ರಿ ಅಕ್ಕಾರ. ಲಗ್ನದ ರೊಕ್ಕ ಲಗ್ನದ ಮನಿಯವರು ಏನರೆ ಮಾಡಕೊಳ್ಳಿ. ಹುಗ್ಗಿ ಆರಾಕ ಹತ್ತೇತಿ.” ಎರಡು ಓಣಿಯ ಪೈಪೋಟಿಯಲ್ಲಿ ಕೂಡಿದ ಆಹೇರ ಟಿಕೆಟ್ಟಿಗೆ ಸಾಕಾಗಿ, ಚಪ್ಪಲಿಗೂ ಉಳಿಯಿತು.

ನಾನು ಮುಂಬೈ ಬಸ್ಸು ಹತ್ತುವ ದಿನ ಮಳೆ ಜಡಿಯಿತು. ಮಾನ್ಸೂನು ತಡವಾಗಿ ಬಂದದ್ದಷ್ಟೇ ಎಂದು ನಾನು, ಲಗ್ನದ ಪ್ರಭಾವ ಎಂದು ಊರು. ಪ್ರಭಾವವೇ ಆಗಿದ್ದರೆ ಮಳೆರಾಯನಿಗೆ ವರ ಯಾರು ವಧು ಯಾರೆಂಬ ತಕರಾರಿಲ್ಲ ಎಂದಾಯಿತು.

ಮಡಗಾಸ್ಕರದ ಬಗ್ಗೆ ಉದ್ದ ಹೇಳುವುದಿಲ್ಲ, ಕೇಳಿ ಕೇಳಿ ನಮ್ಮ ಮನೆಯವರು ಈಗಾಗಲೇ ಸೋತಿದ್ದಾರೆ. ಅರಳೆ ಸಾವಕಾರರ ಗಡಿಯಾರವನ್ನು ಬಿದಿರ ಗುಡಿಸಲಿನ ಗೋಡೆಗೆ ತೂಗುಹಾಕಿದೆ. ಆರು ವಾರ ಆ ಶಿಬಿರ ಬೈಲಹೊಂಗಲದ ಹೊತ್ತಿಗೆ ಎದ್ದು ಬೈಲಹೊಂಗಲದ ಹೊತ್ತಿಗೆ ಉಂಡಿತು. ಮೊದಲ ದಿನ ಎಲ್ಲರೂ ಟಿಕೆಟ್ಟಿನ ದುಡ್ಡು ಹೇಗೆ ಕೂಡಿಸಿದಿರೆಂದು ಹೇಳಿಕೊಂಡರು. ಒಬ್ಬ ಹತ್ತಾರು ಮೈಲಿ ಓಡಿದ್ದ, ಒಬ್ಬಳು ಕೇಕು ಮಾರಿದ್ದಳು, ಒಬ್ಬ ನೆರೆಹೊರೆಯವರ ಕಾರು ತೊಳೆದಿದ್ದ. ನನ್ನ ಪಾಳಿ ಬಂತು. ಎರಡು ಕಪ್ಪೆಗಳ ಮದುವೆ ಮಾಡಿಸಿದೆ ಎಂದೆ. ನನ್ನ ಇಂಗ್ಲಿಷೇ ಕೈಕೊಟ್ಟಿತೆಂದು ಭಾವಿಸಿ ಒಬ್ಬಾಕೆ ಇನ್ನೊಮ್ಮೆ ಕೇಳಿದಳು, ನಾನು ಇನ್ನೊಮ್ಮೆ ಹೇಳಿದೆ.

ಅಲ್ಲಿ ಮೊಳದುದ್ದದ ಗೋಸುಂಬೆಯನ್ನು ನನ್ನ ತೋಳಿನ ಮೇಲೆ ಬಿಟ್ಟರು. ಚೀರಿದೆ, ಅತ್ತೆ, ಆಮೇಲೆ ಅಳೆದೆ. ಒಂದು ಸಂಜೆ ಉಗುರಿನಷ್ಟು ಕಪ್ಪೆಯೊಂದು ಅಂಗೈಯಲ್ಲಿ ಕೂತಿತ್ತು. ಗುಂಡುಪಿನ್ನಿಲ್ಲ, ಕತ್ತರಿಯಿಲ್ಲ. ಅದರ ಹೃದಯ ಬಡಿಯುವುದು ಹೊರಗಿನಿಂದಲೇ, ಚರ್ಮದಡಿಯಲ್ಲಿ, ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ಬೆಂಚಿನ ಆ ಹುಡುಗಿಗೆ ಇದನ್ನು ತೋರಿಸಬೇಕಾಗಿತ್ತು ಎನಿಸಿತು. ಕೈ ಇಳಿಸಿದೆ, ಅದು ಹಾರಿಹೋಯಿತು.

ಊರಿಗೆ ಬಂದೆ. ತಲೆಯಲ್ಲಿ ದೊಡ್ಡ ದೊಡ್ಡ ಯೋಜನೆ: ಮನೋಳಿಯಲ್ಲಿ ಸಭೆ, ಸ್ಲೈಡು, ಕಪ್ಪೆ ಹಿಡಿಯಬಾರದೆಂಬ ಠರಾವು. ಬಸ್ಸಿಳಿದರೆ ರಾಮಪ್ಪ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದ, ಮುಖ ಗಂಟುಹಾಕಿತ್ತು.

“ಅಕ್ಕಾರ, ನಿಮ್ಮ ಅತ್ತಿಗೆ ಬುದ್ಧಿ ಹೇಳ್ರಿ. ಕಾಲೇಜಿಗೆ ಕಪ್ಪಿ ಹಿಡಿಯಾಕ ಹೋದ್ರ ಎರಡೂ ಓಣಿ ಹೆಂಗಸರನ ಕರಕೊಂಡು ಬಂದು ಗುಂಡಿಗೆ ಅಡ್ಡ ನಿಂತಾರ. ಬೀಗರ ಮಂದೀನ ಚೀಲದಾಗ ತುಂಬತೀ ಏನು ಅಂತಾರ. ಆಹೇರ ಮಾಡೇವಿ, ಹುಗ್ಗಿ ಉಂಡೇವಿ, ಲಗ್ನ ಆದ ಕಪ್ಪಿ ಮುಟ್ಟಿದ್ರ ನೋಡು ಅಂತಾರ.”

ನನಗೆ ನಿಂತಲ್ಲೇ ನಗು, ಅದರ ಜೊತೆಗೇ ಕಣ್ಣಲ್ಲಿ ನೀರು. ಸಮುದ್ರ ದಾಟಿ ನಾನು ಕಲಿತು ಬಂದದ್ದನ್ನು ಅತ್ತಿ ಹೊಳೆ ದಾಟದೆ ಮಾಡಿ ಮುಗಿಸಿದ್ದಳು.

ರಾಮಪ್ಪ ಹತ್ತಿರ ಬಂದು ದನಿ ತಗ್ಗಿಸಿದ. “ಅದು ಹೋಗ್ಲಿ. ನೀವು ಪರದೇಶದಾಗ ಕಲತ ಬಂದೀರಿ, ನೀವ ಹೇಳ್ರಿ. ಯಾವ ಕಪ್ಪಿ ಲಗ್ನ ಆಗೇತಿ, ಯಾವುದು ಆಗಿಲ್ಲ, ಹೆಂಗ ಗುರುತು ಹಿಡೀಬೇಕು?”

ಆರು ವಾರದ ತರಬೇತಿ, ಪ್ರಮಾಣಪತ್ರ, ಮೊಳದುದ್ದದ ಗೋಸುಂಬೆ ಎಲ್ಲವನ್ನೂ ನೆನೆದು ಗಂಭೀರವಾಗಿ ಹೇಳಿದೆ. “ನೋಡೇನಿ ರಾಮಪ್ಪ. ಎಲ್ಲಾವೂ ಲಗ್ನ ಆಗ್ಯಾವ.”

ಅವನು ನನ್ನನ್ನೇ ದಿಟ್ಟಿಸಿದ. “ಆವತ್ತಿನ ಎರಡೂ ಗಂಡ ಇದ್ದೂ, ಅಲ್ರೀ?”

“ಹೌದು.”

“ನನಗೂ ಗೊತ್ತಿತ್ತ ಬಿಡ್ರಿ” ಎಂದು ಚೀಲ ಮಡಿಸಿ ಕಂಕುಳಲ್ಲಿ ಇಟ್ಟ. ಒಂದೇ ಕಸುಬಿನವರು ಕಸುಬಿನ ಗುಟ್ಟು ಬಿಡುವುದಿಲ್ಲ. ಮುಂದೆ ನನ್ನ ವಿದ್ಯಾರ್ಥಿಗಳು ಮಳೆಗಾಲದಲ್ಲಿ ಕಪ್ಪೆ ಎಣಿಸಲು ಹೋದಾಗ ದಾರಿ ತೋರಿಸಿದವನು ಅವನೇ. ಬರೀ ದನಿ ಕೇಳಿ ಯಾವ ಜಾತಿ ಎಂದು ಹೇಳುತ್ತಿದ್ದ, ನಾನು ಪುಸ್ತಕ ತೆರೆಯುವುದರೊಳಗೆ.

ಆ ವರ್ಷ ಪ್ರಾಕ್ಟಿಕಲ್ಲಿಗೆ ಕಪ್ಪೆ ಸರಬರಾಜಾಗಲಿಲ್ಲ. ಬದಲಿಗೆ ಮೌಲಾಲಿಯಿಂದ ಹೊಟ್ಟೆಯೊಳಗಿನದೆಲ್ಲ ಕಾಣುವ ಒಂದು ಆಳೆತ್ತರದ ಚಾರ್ಟು ಬರೆಸಿದೆ. ಹೃದಯ, ಯಕೃತ್ತು, ಕರುಳು ಎಲ್ಲ ಅದರದರ ಜಾಗದಲ್ಲಿ. ಪರೀಕ್ಷೆಯಲ್ಲಿ ಮಕ್ಕಳೆಲ್ಲ ಅಚ್ಚುಕಟ್ಟಾಗಿ ಬರೆದರು, ಪ್ರತಿಯೊಬ್ಬರ ಕಪ್ಪೆಗೂ ಉದ್ದುದ್ದ ರೆಪ್ಪೆ. ಹೊರಗಿನಿಂದ ಬಂದ ಪರೀಕ್ಷಕರು ಇದೇನೆಂದು ಕೇಳಿದಾಗ, ಇವು ಮನೋಳಿ ಕಡೆಯವು ಸರ್ ಎಂದೆ. ಅವರು ತಲೆಯಾಡಿಸಿ ಸಹಿ ಹಾಕಿದರು.

ಮೊನ್ನೆ ಬಿದ್ದ ಡಬ್ಬಿಯನ್ನು ತೆರೆದು ನೋಡಿದರೆ ಒಳಗೆ ಬೆಂಡಿನ ಎರಡು ಪುಟ್ಟ ಬಾಸಿಂಗ. ಅತ್ತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಕೊರೆದ ಚಾಕುವಿನ ಗುರುತು ಇನ್ನೂ ಹಾಗೇ ಇದೆ.

ರಾಮಪ್ಪ ಈಗ ಮೊಬೈಲು ತೆಗೆದುಕೊಂಡಿದ್ದಾನೆ. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಅವನಿಂದ ನನಗೊಂದು ಮಿಸ್ಡ್ ಕಾಲ್ ಬರುತ್ತದೆ, ತಪ್ಪುವುದಿಲ್ಲ. ನಾನು ತಿರುಗಿ ಮಾಡುತ್ತೇನೆ. ಅವನು ಹಲೋ ಅನ್ನುವುದಿಲ್ಲ. “ಬೀಗರು ಬಂದಾರ, ಕೇಳ್ರಿ” ಎಂದು ಫೋನನ್ನು ಗುಂಡಿಯ ಕಡೆ ಹಿಡಿಯುತ್ತಾನೆ. ವಟವಟ ಶುರುವಾಗುತ್ತದೆ, ಒಂದಕ್ಕೆ ಒಂದು ದನಿ ಕೂಡುತ್ತ ಹೋಗುತ್ತದೆ. ದುಡ್ಡು ನನ್ನದು ಹೋಗುತ್ತಿರುತ್ತದೆ. ಹೋಗಲಿ. ಅವರ ಲಗ್ನದ ಆಹೇರ ಉಂಡವಳು ನಾನು, ಮುಯ್ಯಿ ತೀರಿಸಬೇಕಲ್ಲ.